ಚಲನಚಿತ್ರದ ಸಾರಥ್ಯ

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ೪೧ ಅಡಿಗೂ ಮಿಕ್ಕಿ ಉದ್ದವಾದ ಒಂದು ಏಕಶಿಲೆ ಕುಳಿತಿದೆ. ಈ ಸೀಮೆಯು ಕಾಕತೀಯರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಎಂದರೆ ಕ್ರಿ. ಶ. ೧೨೯೪ರಲ್ಲಿ, ಕೋಟೆಯನ್ನು ಕಟ್ಟಿಸಿದ ಅಧಿಕಾರಿಗಳ ನಾಮಧೇಯಗಳನ್ನು ಆ ಶಿಲೆಯ ಮೇಲೆ ಕೊರೆಯಿಸಿದ್ದಾರೆ. ಶಾಸನವೆಂದ ಮೇಲೆ ಅಷ್ಟು ಇರತಕ್ಕದ್ದೇ. ಆದರೆ ನೋಡುವವರ ಕಣ್ಣನ್ನು ಹಿಡಿದು ನಿಲ್ಲಿಸುವುದು ಅಲ್ಲಿಯೇ ಗೆರೆಗಳಲ್ಲಿ ಕೊರೆದಿರುವ ಒಂದು ಚಿತ್ರ. ಅದು ಆ ಕಲ್ಲನ್ನೇ ಗಣಿಯಿಂದ ಬಂಡಿಯ ಮೇಲೆ ಹೇರಿ ತರುತ್ತಿರುವ ದೃಶ್ಯ. ಮುಂಗಡೆ ಸಾಲುಸಾಲಾಗಿ ಹೂಡಿದ ಕೋಣಗಳು, ಗಾಲಿಗಳ ಬಳಿ ಸನ್ನೆಗೋಲು ಹಾಕಿ ಮೀಟುತ್ತಿರುವ ಆಳುಗಳು, ಕೂಗಿ ಹುರಿದುಂಬಿಸುತ್ತಿರುವ ಇನ್ನು ಕೆಲವರು. ಆಳಿದವರಿಗೆ ಅಕ್ಷರ ದೊರೆಯಿತು, ಎಳೆದವರಿಗೆ ಹೆಸರು ದೊರೆಯಲಿಲ್ಲ. ಆದರೂ ಏಳು ಶತಮಾನಗಳ ಹಿಂದಿನ ಆ ಶಿಲ್ಪಿಗೆ ಈ ಕಲ್ಲು ತಾನಾಗಿ ಇಲ್ಲಿಗೆ ನಡೆದು ಬಂದುದಲ್ಲವೆಂದು ಹೇಳಬೇಕೆನಿಸಿತು, ಹೇಳುವುದಕ್ಕೆ ಅವನ ಒಡೆಯರೂ ಅಡ್ಡಿಮಾಡಲಿಲ್ಲ.

ಚಲನಚಿತ್ರವೆಂಬ ಕಲೆಯ ವಿಷಯದಲ್ಲಿ ನಮ್ಮ ಪತ್ರಿಕೆಗಳೂ ಪ್ರೇಕ್ಷಕರೂ, ಅಷ್ಟೇಕೆ, ಚಿತ್ರರಂಗದವರೇ ಆಡಿಕೊಳ್ಳುವ ಮಾತುಗಳನ್ನು ಕೇಳಿದಾಗ, ನಾವು ಶಾಸನದ ಅಕ್ಷರಗಳನ್ನು ಮಾತ್ರ ಓದಿ ಅದರ ಬಳಿಯ ಚಿತ್ರವನ್ನು ನೋಡದೆ ಹಾದುಹೋಗುತ್ತಿದ್ದೇವೆಂದು ನನಗೆ ತೋರುತ್ತದೆ. ಚಿತ್ರವು ನಾಯಕನಟನದೆಂದು ಅಭಿಮಾನಿಗಳು ಹೇಳುತ್ತಾರೆ. ನಿರ್ದೇಶಕನದೆಂದು ವಿಮರ್ಶಕರು ತಿದ್ದುತ್ತಾರೆ. ಹಣ ಹಾಕಿದವನು ತನ್ನದೆಂದು ಮನಸ್ಸಿನೊಳಗೆ ಅಂದುಕೊಳ್ಳುತ್ತಾನೆ. ಬಿಸಿಲಿನಲ್ಲಿ ಥರ್ಮಾಕೋಲ್ ಹಲಗೆ ಹಿಡಿದು ನಿಂತ ಲೈಟ್‌ಬಾಯ್, ನಟಿಯ ಕೈಬಳೆ ಹಿಂದಿನ ಶಾಟ್‌ನಲ್ಲಿ ಎಷ್ಟಿದ್ದುವೆಂದು ನೆನಪಿಟ್ಟುಕೊಂಡ ಸಹಾಯಕ ನಿರ್ದೇಶಕ, ಬೆಳಗಿನ ಜಾವ ನಾಲ್ಕಕ್ಕೆ ಉಪ್ಪಿಟ್ಟಿಗೆ ಒಲೆ ಹೊತ್ತಿಸಿದ ಅಡುಗೆಯವನು, ಇವರ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತಿದರೂ ಅದು ಕೃತಜ್ಞತಾ ಸಮರ್ಪಣೆಯ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಇದರಿಂದ ಆಗುವ ಅನ್ಯಾಯವೊಂದು ಕಡೆಗಿರಲಿ. ಇದರಿಂದ ಚಿತ್ರಗಳೇ ಕೆಡುತ್ತವೆಂಬುದು ನನ್ನ ಅಭಿಪ್ರಾಯ, ಅದನ್ನೇ ಇಲ್ಲಿ ಪ್ರತಿಪಾದಿಸಬೇಕೆಂದಿದ್ದೇನೆ.

ಸಾರಥ್ಯವೇ ಬೇಡವೆಂದು ವಾದಿಸುವವನು ನಾನಲ್ಲ. ಹೊತ್ತು ಮುಳುಗುವುದಕ್ಕೆ ಅರೆಗಳಿಗೆ ಉಳಿದಿರುವಾಗ ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂಬುದನ್ನು ಮತಕ್ಕೆ ಹಾಕಿ ತೀರ್ಮಾನಿಸಲಾಗದು. ಐವತ್ತು ಜನ ಐವತ್ತು ಅಭಿಪ್ರಾಯಗಳನ್ನು ಹೊತ್ತು ನಿಂತರೆ ಬೆಳಕು ಯಾರಿಗೂ ಕಾಯದು. ನಿರ್ಧಾರವು ಒಬ್ಬನದಾಗಲೇಬೇಕು. ಆದರೆ ಆ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆ ಎಲ್ಲ ದಿಕ್ಕುಗಳಿಂದ ಬರುವಂತೆ ಬಾಗಿಲುಗಳನ್ನು ತೆರೆದಿಡುವುದು, ತಪ್ಪಾದಾಗ ಹೊಣೆಯನ್ನು ತಾನೊಬ್ಬನೇ ಹೊರುವುದು, ಸರಿಯಾದಾಗ ಕೀರ್ತಿಯನ್ನು ಹಂಚಿಬಿಡುವುದು, ಈ ಮೂರೂ ಕೂಡಿದಲ್ಲಿ ಮಾತ್ರ ಅದನ್ನು ನಾಯಕತ್ವವೆನ್ನಬೇಕು. ಉಳಿದುದು ಬರಿಯ ಅಧಿಕಾರ. ದುರದೃಷ್ಟವಶಾತ್ ನಮ್ಮ ಚಿತ್ರೀಕರಣದ ಸ್ಥಳಗಳಲ್ಲಿ ಗಟ್ಟಿಯಾಗಿ ಕೂಗಾಡುವವನನ್ನು ದೊಡ್ಡ ನಿರ್ದೇಶಕನೆಂದೂ, ಮೆಲ್ಲಗೆ ಮಾತನಾಡುವವನನ್ನು ಹೊಸಬನೆಂದೂ ಭಾವಿಸುವ ರೂಢಿ ಬೇರೂರಿದೆ. ಸಹಾಯಕನಾಗಿ ಬೈಗುಳ ತಿಂದವನು ನಿರ್ದೇಶಕನಾದ ಮೇಲೆ ಬೈಯುವುದನ್ನೇ ವಿದ್ಯೆಯೆಂದು ತಿಳಿಯುತ್ತಾನೆ, ಹೀಗೆ ಈ ರೋಗ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗಿಬರುತ್ತಿದೆ.

ಇದಕ್ಕೆ ಪ್ರತಿಯಾದ ಒಂದು ನಿದರ್ಶನವನ್ನು ಹುಡುಕಿದರೆ, ರಾಯಚೂರಿನವರಾದ ನಾವು ಬಹಳ ದೂರ ಹೋಗಬೇಕಾಗಿಲ್ಲ. ಪಂಡಿತ ತಾರಾನಾಥರ ಹೆಸರು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ನಿಜಾಮರ ಆಳ್ವಿಕೆಯ ಆ ಕಷ್ಟಕಾಲದಲ್ಲಿ ಇಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿ, ಅನಂತರ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನವನ್ನು ಸ್ಥಾಪಿಸಿ, ವೈದ್ಯ, ಸಂಗೀತ, ನಾಟಕ, ಸಮಾಜ ಸುಧಾರಣೆಗಳನ್ನು ಒಂದೇ ಬದುಕಿನೊಳಗೆ ಅಳವಡಿಸಿಕೊಂಡ ಆ ಮಹನೀಯರ ಪುತ್ರರೇ, ೨೦೨೪ರ ಜೂನ್ ತಿಂಗಳಲ್ಲಿ ನಮ್ಮನ್ನಗಲಿದ ಸರೋದ್ ವಾದಕ ರಾಜೀವ ತಾರಾನಾಥರು. ಇವರು ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರೆಂದು ಎಲ್ಲರೂ ಬಲ್ಲರು. ೧೯೭೦ರಲ್ಲಿ ತೆರೆಗೆ ಬಂದ ‘ಸಂಸ್ಕಾರ’ ಚಿತ್ರಕ್ಕೆ ಸಂಗೀತವನ್ನು ಒದಗಿಸಿದವರೂ ಇವರೇ ಎಂಬುದನ್ನು ಇಂದಿನ ತರುಣರಲ್ಲಿ ಅನೇಕರು ಅರಿಯರು.

ಆ ಚಿತ್ರದ ತಂಡವನ್ನು ಕುರಿತು ತುಸು ವಿಸ್ತಾರವಾಗಿಯೇ ಹೇಳಬೇಕು. ಅದಕ್ಕೆ ಮೂಲವಾದ ಯು. ಆರ್. ಅನಂತಮೂರ್ತಿಯವರ ಕಾದಂಬರಿ ಪ್ರಕಟವಾದುದು ೧೯೬೫ರಲ್ಲಿ. ಅದನ್ನು ಚಿತ್ರವಾಗಿಸಲು ಹೊರಟ ಪಟ್ಟಾಭಿರಾಮ ರೆಡ್ಡಿಯವರು ನೆಲ್ಲೂರು ಸೀಮೆಯಿಂದ ಬಂದ ತೆಲುಗು ಕವಿ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವನು. ಕನ್ನಡವೂ ಅವನಿಗೆ ತಿಳಿಯದು, ಮಲೆನಾಡಿನ ಅಗ್ರಹಾರವೂ ತಿಳಿಯದು. ಚಿತ್ರಕಥೆಯನ್ನು ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನೂ ವಹಿಸಿದವರು ಗಿರೀಶ ಕಾರ್ನಾಡರು, ನಾರಣಪ್ಪನಾದವರು ಪಿ. ಲಂಕೇಶರು, ಚಂದ್ರಿಯಾದವರು ಸ್ನೇಹಲತಾ ರೆಡ್ಡಿಯವರು, ಕಲಾನಿರ್ದೇಶನದ ಹೊಣೆ ವರ್ಣಚಿತ್ರಕಾರ ಎಸ್. ಜಿ. ವಾಸುದೇವರದು, ಸಂಗೀತಕ್ಕೆ ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದೂ ಸರೋದನ್ನು ಕೈಬಿಡದ ರಾಜೀವ ತಾರಾನಾಥರು. ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ ಇವರೆಲ್ಲ ಕೂಡಿ ತೆಗೆದ ಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಲಿ ಮೊದಲು ತಡೆಯಿತು. ಆಮೇಲೆ ಅದೇ ಚಿತ್ರವು ಕನ್ನಡಕ್ಕೆ ಪ್ರಪ್ರಥಮವಾಗಿ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟಿತು.

ಇಷ್ಟು ಮಂದಿ ಪ್ರತಿಭಾವಂತರು, ಅದರಲ್ಲಿಯೂ ಒಬ್ಬರ ಅಭಿಪ್ರಾಯಕ್ಕೆ ಇನ್ನೊಬ್ಬರು ಸುಲಭವಾಗಿ ತಲೆಬಾಗದ ಇಂಥ ಮಂದಿ, ಒಂದೆಡೆ ಸೇರಿದಾಗ ನಿರ್ದೇಶಕನಾದವನು ಮಾಡಬಹುದಾದ ಕೆಲಸ ಯಾವುದು? ಕನ್ನಡದ ಮಾತಿನ ಕೊಂಕನ್ನು ಕಾರ್ನಾಡರಿಗೂ ಲಂಕೇಶರಿಗೂ ಕಲಿಸುವ ಸಾಮರ್ಥ್ಯ ರೆಡ್ಡಿಯವರಿಗೆ ಇದ್ದಿರಲಾರದು, ರಾಗವನ್ನು ರಾಜೀವರಿಗೆ ಹೇಳಿಕೊಡುವ ಪ್ರಮೇಯವೂ ಇಲ್ಲ. ಆದರೆ ಯಾರನ್ನು ಕರೆಯಬೇಕು, ಕರೆದ ಮೇಲೆ ಯಾರಿಗೆ ಎಷ್ಟು ಎಡೆ ಬಿಡಬೇಕು, ಎಲ್ಲಿ ತಡೆಯಬೇಕು ಎಂಬ ವಿವೇಚನೆಯು ಅವರಲ್ಲಿ ಇಲ್ಲದಿದ್ದರೆ ಆ ಚಿತ್ರವು ಐದಾರು ಜನರ ಐದಾರು ಚಿತ್ರಗಳಾಗಿ ಚೂರಾಗುತ್ತಿತ್ತು. ಅಗ್ರಹಾರವನ್ನು ಪರದೇಶದವನ ಕಣ್ಣು ನೋಡಿತು. ಆ ಕಣ್ಣಿಗೆ ಏನು ಕಾಣಬೇಕೆಂಬುದನ್ನು ಅಗ್ರಹಾರ ಬಲ್ಲವರು ಹೇಳಿದರು. ಇವರಿಬ್ಬರ ನಡುವೆ ವಿಶ್ವಾಸ ಕೆಡದಂತೆ ಒಬ್ಬರು ನೋಡಿಕೊಂಡರು. ನಾಯಕತ್ವವೆಂದು ನಾನು ಕರೆಯುವುದು ಈ ಮೂರನೆಯ ಕೆಲಸವನ್ನು.

ಹತ್ತು ವರ್ಷ ಹಿಂದಕ್ಕೆ ಹೋದರೆ ಬೇರೊಂದು ಬಗೆಯ ಒಕ್ಕಟ್ಟು ಕಾಣುತ್ತದೆ. ಕನ್ನಡದಲ್ಲಿ ಚಿತ್ರಗಳೇ ವಿರಳವಾಗಿ, ಕಲಾವಿದರಿಗೆ ಕೈತುಂಬ ಕೆಲಸವಿಲ್ಲದ ಕಾಲದಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಇವರು ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿಕೊಂಡು, ಊರೂರು ಸುತ್ತಿ ನಾಟಕವಾಡಿ, ೧೯೬೦ರಲ್ಲಿ ‘ರಣಧೀರ ಕಂಠೀರವ’ವನ್ನು ತಾವೇ ತೆರೆಗೆ ತಂದರು. ನಟರೇ ನಿರ್ಮಾಪಕರಾಗಿ, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿ ನಿಂತ ಆ ಕಥೆ ಸುಪ್ರಸಿದ್ಧವಾದುದರಿಂದ ಇಲ್ಲಿ ಬೆಳೆಸುವುದಿಲ್ಲ.

ಸತ್ಯಜಿತ್ ರಾಯರನ್ನು ಏಕನಾಯಕತ್ವಕ್ಕೆ ನಿದರ್ಶನವಾಗಿ ಹೇಳುವುದುಂಟು. ಬರೆಯುವುದು, ಬಿಡಿಸುವುದು, ಕೊನೆಗೆ ಸಂಗೀತ ಕಟ್ಟುವುದು, ಎಲ್ಲವೂ ಅವರದೇ ಎಂದು. ಆದರೆ ೧೯೫೫ರ ‘ಪಥೇರ್ ಪಾಂಚಾಲಿ’ಗೆ ಅವರು ಕ್ಯಾಮೆರಾ ಒಪ್ಪಿಸಿದ್ದು ಚಲನಚಿತ್ರದ ಕ್ಯಾಮೆರಾವನ್ನು ಅದುವರೆಗೆ ನಡೆಸಿಯೇ ಇರದ ಸುಬ್ರತ ಮಿತ್ರ ಎಂಬ ಎಳೆಯನಿಗೆ. ಮರುವರ್ಷದ ‘ಅಪರಾಜಿತೋ’ ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಬನ್ಸಿ ಚಂದ್ರಗುಪ್ತರು ಸ್ಟುಡಿಯೋದೊಳಗೆ ಕಟ್ಟುವುದೆಂದು ಆದಾಗ, ಮೇಲಿನಿಂದ ಇಳಿಯುವ ಬಾನಿನ ಬೆಳಕನ್ನು ದೀಪಗಳಿಂದ ತರಲಾಗದೆಂದು ಮಿತ್ರರು ವಿರೋಧಿಸಿದರು. ವಿರೋಧಿಸಿ ಸುಮ್ಮನಾಗದೆ, ಸೆಟ್ಟಿನ ಮೇಲೆ ಬಿಳಿಯ ಬಟ್ಟೆಯನ್ನು ಹರಡಿ, ಕೆಳಗಿನಿಂದ ದೀಪಗಳನ್ನು ಅದರತ್ತ ತಿರುಗಿಸಿ, ಚೆಲ್ಲಿ ಬಿದ್ದ ಬೆಳಕಿನಲ್ಲಿ ಕಾಶಿಯ ಅಂಗಳವನ್ನು ಕಲ್ಕತ್ತೆಯಲ್ಲಿ ಮೂಡಿಸಿದರು. ಕಲಾನಿರ್ದೇಶಕನ ಯೋಜನೆಗೆ ಛಾಯಾಗ್ರಾಹಕನು ಆಡಿದ ಎದುರುಮಾತು ಒಂದು ಹೊಸ ವಿದ್ಯೆಗೆ ಜನ್ಮವಿತ್ತಿತು. ಎದುರುಮಾತನ್ನು ಅವಿಧೇಯತೆಯೆಂದು ತಳ್ಳುವ ಯಜಮಾನನ ಕೈಕೆಳಗೆ ಇದು ಸಂಭವಿಸುತ್ತಿತ್ತೆ? ಅಮೆರಿಕದಲ್ಲಿ ಆರ್ಸನ್ ವೆಲ್ಸ್ ತನ್ನ ‘ಸಿಟಿಜನ್ ಕೇನ್’ (೧೯೪೧) ಚಿತ್ರದಲ್ಲಿ ನಿರ್ದೇಶಕನಾದ ತನ್ನ ಹೆಸರನ್ನು ತೋರಿಸುವ ಫಲಕದಲ್ಲಿಯೇ ಛಾಯಾಗ್ರಾಹಕ ಗ್ರೆಗ್ ಟೋಲಂಡನ ಹೆಸರನ್ನೂ ಹಾಕಿಸಿದನು. ಇಪ್ಪತ್ತೈದರ ಆಸುಪಾಸಿನ ಆ ಗರ್ವಿಷ್ಠ ಯುವಕನಿಗೂ ಋಣವನ್ನು ಎಲ್ಲಿ, ಹೇಗೆ ತೀರಿಸಬೇಕೆಂಬುದು ತಿಳಿದಿತ್ತು.

ಇದೆಲ್ಲ ಕಲ್ಕತ್ತೆಯ ಮಾತು, ಹಾಲಿವುಡ್ಡಿನ ಮಾತು, ನಮ್ಮ ಮಾನ್ವಿ ದೇವದುರ್ಗಗಳಿಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿಗೆ, ನಮ್ಮ ಹಳ್ಳಿಗಳ ಪೇಟಿ ಮಾಸ್ತರರನ್ನು ನೆನಪಿಗೆ ತರಬಯಸುತ್ತೇನೆ. ಮಾನ್ವಿ ತಾಲೂಕಿನ ಹಳ್ಳಿಗಳಲ್ಲಿ ಜಾತ್ರೆಗೋ ಉಗಾದಿಗೋ ನಾಟಕವಾಡುವುದೆಂದು ನಿಶ್ಚಯವಾದರೆ ಮೊದಲು ಗೊತ್ತುಮಾಡುವುದು ಮಾಸ್ತರರನ್ನು. ಸುಗ್ಗಿಯ ಕೆಲಸ ಮುಗಿಸಿ ಬಂದ ಒಕ್ಕಲಿಗನನ್ನೂ, ಟೈಲರನ್ನೂ, ಟ್ರ್ಯಾಕ್ಟರ್ ಚಾಲಕನನ್ನೂ ರಾತ್ರಿಯೆಲ್ಲ ಗುಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ತಾಲೀಮು ಮಾಡಿಸುವವರು ಅವರು. ಓದಲು ಬಾರದವನಿಗೆ ಮಾತನ್ನು ಬಾಯಿಪಾಠ ಮಾಡಿಸುವವರು, ಹೆಚ್ಚು ಹಣ ಕೊಟ್ಟೆನಾದುದರಿಂದ ದೊಡ್ಡ ಪಾತ್ರ ತನಗೇ ಬೇಕೆನ್ನುವವನನ್ನು ಸಮಾಧಾನಪಡಿಸುವವರು, ಹೊರಗಿನಿಂದ ಕರೆಸಿದ ನಟಿಯರ ಮಾನಕ್ಕೆ ಕುಂದು ಬಾರದಂತೆ ಕಾಯುವವರು. ನಾಟಕದ ರಾತ್ರಿ ಅವರು ರಂಗದ ಮಗ್ಗುಲಲ್ಲಿ ಪೇಟಿಯ ಹಿಂದೆ ಕುಳಿತಿರುತ್ತಾರೆ. ನಡುರಾತ್ರಿ ಕಳೆದ ಮೇಲೆ, ಸಾವಿರ ಜನರ ಎದುರಿಗೆ, ಒಬ್ಬ ಪಾತ್ರಧಾರಿಗೆ ಮಾತು ಮರೆತುಹೋಗುತ್ತದೆನ್ನಿ. ಮಾಸ್ತರರು ತಲೆಯೆತ್ತಿ ಗದರುವುದಿಲ್ಲ. ಹಿಂದಿನ ಹಾಡಿನ ಸ್ವರವನ್ನೇ ಮತ್ತೊಂದು ಸುತ್ತು ಪೇಟಿಯಲ್ಲಿ ನುಡಿಸುತ್ತಾರೆ, ತಬಲಾದವನು ಅದನ್ನರಿತು ಜೊತೆಗೂಡುತ್ತಾನೆ, ಜನ ಇದೂ ನಾಟಕದ ಭಾಗವೆಂದೇ ತಲೆದೂಗುತ್ತಾರೆ. ಅಷ್ಟರಲ್ಲಿ ಮರೆತವನಿಗೆ ಮಾತು ನೆನಪಾಗಿರುತ್ತದೆ. ಸೋತವನ ಸೋಲನ್ನು ಸಭೆಗೆ ತೋರಗೊಡದೆ ತನ್ನ ಬೆರಳುಗಳಿಂದ ಮುಚ್ಚಿಬಿಡುವ ಈ ಸಾರಥ್ಯವನ್ನು ಯಾವ ಚಿತ್ರಶಾಲೆಯಲ್ಲಿ ಕಲಿಸುತ್ತಾರೆಂದು ನನಗೆ ತಿಳಿಯದು. ಇಲ್ಲಿ ಅದು ಕಾಸಿಗೆ ಕಾಸು ಸೇರಿಸಿ ಆಡುವ ಜಾತ್ರೆಯ ನಾಟಕಗಳಲ್ಲಿ ಬಾಳಿಬಂದಿದೆ.

ದೇವದುರ್ಗದ ಕಡೆಯ ಒಂದು ಹೊಲದಲ್ಲಿ ಕಾಲೇಜು ಬಿಟ್ಟು ಹೆಚ್ಚು ದಿನವಾಗದ ಹುಡುಗರು ಕಿರುಚಿತ್ರವೊಂದನ್ನು ತೆಗೆಯುತ್ತಿದ್ದಾಗ ನಾನು ಕಂಡ ಒಂದು ಪ್ರಸಂಗ ಈ ಪರಂಪರೆಗೆ ಸೇರಿದ್ದೆಂದು ಭಾವಿಸುತ್ತೇನೆ. ಹತ್ತಿ ಬಿಡಿಸುವ ಕೂಲಿಯವಳ ದೃಶ್ಯ. ಹೊಲದಲ್ಲಿ ನಿಜವಾದ ಕೂಲಿಯವರೂ ಸಾಲುಹಿಡಿದು ಬಿಡಿಸುತ್ತಿದ್ದರು. ಪಟ್ಟಣದಿಂದ ಬಂದ ಹುಡುಗಿ ಬುಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಹತ್ತಿಯನ್ನು ಒಂದೊಂದಾಗಿ ಅದಕ್ಕೆ ಹಾಕುತ್ತಿದ್ದಳು. ನೋಡಲು ಅಂದವಾಗಿಯೇ ಇತ್ತು. ಎರಡು ಸಲ ಶಾಟ್ ಆಯಿತು. ಸಾಲಿನ ಕೊನೆಯಲ್ಲಿದ್ದ ವೃದ್ಧೆಯೊಬ್ಬಳಿಗೆ ತಡೆಯಲಾಗಲಿಲ್ಲ. “ಹತ್ತಿ ಬಿಡಸೋರು ಪುಟ್ಟ್ಯಾಗ ಹಾಕ್ತಾರೇನಪ್ಪಾ? ಉಡಿ ಕಟ್ಟಿಕೆಂಡು ಬಿಡಸ್ತಾರ” ಎಂದಳು. ಕ್ಯಾಮೆರಾ ಹಿಡಿದವನು ಮುಖ ಗಂಟಿಕ್ಕಿದನು, ಬೆಳಕು ಇಳಿಯುತ್ತಿತ್ತು. ನಿರ್ದೇಶಿಸುತ್ತಿದ್ದ ಹುಡುಗನು ಮಾತ್ರ ಅವಳ ಬಳಿಗೆ ಹೋಗಿ, “ಯವ್ವಾ, ನೀನ ಒಂದೀಟು ತೋರಸಬೇ” ಎಂದು ಕೇಳಿಕೊಂಡನು. ಅವಳು ನಟಿಯ ನಡುವಿಗೆ ಸೀರೆಯ ಸೆರಗನ್ನು ಉಡಿಯಾಗಿ ಬಿಗಿದು ಕಟ್ಟಿ, ಎರಡೂ ಕೈ ಏಕಕಾಲದಲ್ಲಿ ಹೇಗೆ ಓಡಬೇಕೆಂದೂ, ಒಣಗಿದ ಸಿಪ್ಪೆಯ ಮೊನೆ ಬೆರಳಿಗೆ ಚುಚ್ಚದಂತೆ ಹೇಗೆ ಹಿಡಿಯಬೇಕೆಂದೂ ತೋರಿಸಿದಳು. ಉಡಿ ತುಂಬುತ್ತ ಬಂದಂತೆ ನಡು ಬಾಗುವ ರೀತಿಯೇ ಬೇರೆಯಾಯಿತು, ಹುಡುಗಿಯ ನಡಿಗೆಯೇ ಬೇರೆಯಾಯಿತು. ಕಥೆಯಲ್ಲಿ ಆ ಪಾತ್ರ ಗರ್ಭಿಣಿ. ಬುಟ್ಟಿಯಲ್ಲಿ ಹತ್ತಿ ಹಾಕುತ್ತಿದ್ದ ತನಕ ಯಾರಿಗೂ ಹೊಳೆಯದ ಒಂದು ಅರ್ಥವು ಆ ತುಂಬಿದ ಉಡಿಯಿಂದ ದೃಶ್ಯದೊಳಕ್ಕೆ ತಾನಾಗಿ ಬಂದು ಸೇರಿತು.

ಅಂದು ಸೂರ್ಯನೆದುರು ಹಿಡಿದಿದ್ದ ಬಿಳಿಯ ಥರ್ಮಾಕೋಲ್ ಹಲಗೆಯನ್ನು ಕಂಡಾಗ ನನಗೆ ಸುಬ್ರತ ಮಿತ್ರರ ಬಿಳಿಯ ಬಟ್ಟೆ ನೆನಪಾದದ್ದು ಸಹಜ. ಅಲ್ಲಿ ಛಾಯಾಗ್ರಾಹಕನ ಎದುರುಮಾತು, ಇಲ್ಲಿ ಕೂಲಿಯವಳ ಎದುರುಮಾತು. ಕೇಳಿಸಿಕೊಂಡ ಕಿವಿ ಎರಡು ಕಡೆಯೂ ಒಂದೇ ಜಾತಿಯದು. ಆದರೆ ಒಂದು ವ್ಯತ್ಯಾಸವಿದೆ. ಮಿತ್ರರ ಹೆಸರು ಫಲಕದ ಮೇಲೆ ಬಂತು. ಆ ವೃದ್ಧೆಯ ಹೆಸರೂ ಬರಬೇಕು, ದಿನದ ಕೂಲಿಯ ಜೊತೆಗೆ ಈ ವಿದ್ಯೆಯ ಸಂಭಾವನೆಯೂ ಅವಳಿಗೆ ಸಲ್ಲಬೇಕು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಸೀಮೆಯು ಕನ್ನಡ ಚಿತ್ರಗಳಿಗೆ ಈಚೆಗೆ ಕಥೆಯನ್ನೂ ಮುಖಗಳನ್ನೂ ಕೊಡತೊಡಗಿದೆ. ೧೯೯೭ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳದ ಯರೇಹಂಚಿನಾಳ ಗ್ರಾಮದ ಹೆಸರನ್ನು ಹೊತ್ತ ‘ಶಿವಮ್ಮ ಯರೇಹಂಚಿನಾಳ’ ಚಿತ್ರವು ೨೦೨೨ರಲ್ಲಿ ದಕ್ಷಿಣ ಕೊರಿಯದ ಬೂಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿಯನ್ನು ಗಳಿಸಿತು. ಜೈಶಂಕರ್ ಆರ್ಯರ್ ಅವರು ನಿರ್ದೇಶಿಸಿ ರಿಷಬ್ ಶೆಟ್ಟಿಯವರು ನಿರ್ಮಿಸಿದ ಆ ಚಿತ್ರದಲ್ಲಿ ಶಾಲೆಯ ಅಡುಗೆಯ ಕೆಲಸದವಳಾಗಿ ನಟಿಸಿದ ಶರಣಮ್ಮ ಚೆಟ್ಟಿಯವರೂ, ಸುತ್ತಣ ಪಾತ್ರಗಳನ್ನು ವಹಿಸಿದ ಗ್ರಾಮಸ್ಥರೂ ವೃತ್ತಿಯ ನಟರಲ್ಲ. ೨೦೨೪ರ ಮಾರ್ಚಿನಲ್ಲಿ ಪ್ರಕಾಶ್ ರಾಜ್ ಅವರ ನಿರ್ದಿಗಂತ ಸಂಸ್ಥೆಯ ಮೂಲಕ ತೆರೆಕಂಡ ಉತ್ಸವ್ ಗೋನವಾರರ ‘ಫೋಟೋ’ ರಾಯಚೂರು ಸೀಮೆಯಿಂದ ಬೆಂಗಳೂರಿಗೆ ಗುಳೆ ಹೋದ ತಂದೆಯನ್ನೂ, ವಿಧಾನಸೌಧದ ಮುಂದೆ ನಿಂತು ಒಂದು ಪಟ ತೆಗೆಸಿಕೊಳ್ಳಬೇಕೆಂದು ಹಂಬಲಿಸುವ ಅವನ ಮಗನನ್ನೂ, ಲಾಕ್‌ಡೌನ್ ಬಂದು ಅವರು ನಡೆದು ಊರು ಸೇರಬೇಕಾದುದನ್ನೂ ಹೇಳಿತು. ದೇವದುರ್ಗದ ತಾಂಡಾಗಳಲ್ಲಿ ಈ ಕಥೆಯನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಅವರಲ್ಲಿ ಅನೇಕರು ಅದನ್ನು ಬದುಕಿದವರು. ಮಾನ್ವಿಯ ಜಗನ್ನಾಥದಾಸರನ್ನೂ ಚೀಕಲಪರವಿಯ ವಿಜಯದಾಸರನ್ನೂ ಕುರಿತು ಮಧುಸೂದನ ಹವಾಲ್ದಾರರು ಚಿತ್ರಗಳನ್ನು ತೆಗೆದಿದ್ದಾರೆ. ಮಂಡ್ಯ ಸೀಮೆಯ ‘ತಿಥಿ’ಯಲ್ಲಿ, ಹಳ್ಳಿಯನ್ನು ಬಲ್ಲ ಈರೇಗೌಡರ ಬರವಣಿಗೆಯೂ ರಾಮ್ ರೆಡ್ಡಿಯವರ ನಿರ್ದೇಶನವೂ ಕೂಡಿ, ಊರ ಮುದುಕರೇ ಲೊಕಾರ್ನೋ ಚಿತ್ರೋತ್ಸವದ ತೆರೆಯವರೆಗೆ ಹೋದುದು ೨೦೧೫ರಲ್ಲಿ. ಆ ದಾರಿ ನಮ್ಮ ಕಡೆಗೂ ತೆರೆದಿದೆಯೆಂಬುದು ಸಂತೋಷದ ಸಂಗತಿ.

ಆದರೆ ಮುಖಗಳನ್ನು ಕೊಟ್ಟೆವೆಂದು ತೃಪ್ತಿಪಟ್ಟರೆ ಸಾಲದು. ಇಂದಿಗೂ ನಮ್ಮ ಭಾಗಕ್ಕೆ ಚಿತ್ರೀಕರಣದ ಯೂನಿಟ್ ಬಂದಿತೆಂದರೆ ಕ್ಯಾಮೆರಾ, ದೀಪ, ಜನರೇಟರ್, ಶಬ್ದಗ್ರಹಣದ ಹುಡುಗ, ಮೇಕಪ್ಪಿನವನು, ಎಲ್ಲರೂ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬರುತ್ತಾರೆ; ಸ್ಥಳೀಯರಿಗೆ ಉಳಿಯುವುದು ಜನಜಂಗುಳಿಯಲ್ಲಿ ನಿಲ್ಲುವ ಕೆಲಸ, ನೀರು ಹೊರುವ ಕೆಲಸ. ಭಾಷೆಯ ಗತಿಯೂ ಹಾಗೆಯೇ. ಧಾರವಾಡದ ಮಾತು, ಕಲಬುರಗಿಯ ಮಾತು, ತೆಲುಗು ಉರ್ದುಗಳ ನೆರಳು ಬಿದ್ದ ರಾಯಚೂರಿನ ಮಾತು, ಇವುಗಳೆಲ್ಲವನ್ನು ಕಲಸಿ ‘ಉತ್ತರ ಕರ್ನಾಟಕದ ಭಾಷೆ’ಯೆಂಬ ಎಲ್ಲಿಯೂ ಯಾರೂ ಆಡದ ಒಂದು ಮಾತನ್ನು ಸೃಷ್ಟಿಸಿ, ಅದನ್ನು ಹಾಸ್ಯಪಾತ್ರದ ಬಾಯಿಗೆ ತುರುಕುವ ಚಿತ್ರಗಳನ್ನು ನೋಡಿ ನೋಡಿ ಮನಸ್ಸು ನೊಂದಿದೆ. ಸಂಭಾಷಣೆ ತಿದ್ದುವುದಕ್ಕೆ ಮಾನ್ವಿಯಿಂದ ಒಬ್ಬ ಶಾಲಾಮಾಸ್ತರರನ್ನು ಕರೆದು ಕೂರಿಸಿಕೊಂಡಿದ್ದರೆ ತೀರುತ್ತಿದ್ದ ಲೋಪವಿದು. ಕೇಳಿದರೆ ತನ್ನ ಘನತೆ ಕುಗ್ಗುವುದೆಂಬ ಶಂಕೆಯೊಂದೇ ಇಲ್ಲಿ ಅಡ್ಡಿ.

ಒಂದು ತಂಡದ ಸಾರಥ್ಯ ಎಂಥದೆಂಬುದನ್ನು ತಿಳಿಯಲು ಅದರ ಊಟದ ಹೊತ್ತಿಗೆ ಹೋಗಿ ನೋಡಬೇಕೆಂದು ನಾನು ಹೇಳುವುದುಂಟು. ನಲವತ್ತು ಡಿಗ್ರಿ ಮೀರಿದ ರಾಯಚೂರಿನ ಬೇಸಿಗೆಯಲ್ಲಿ ಯಾರಿಗೆ ನೆರಳು, ಯಾರಿಗೆ ತಣ್ಣೀರು, ಯಾರು ಮೊದಲು ಉಣ್ಣುತ್ತಾರೆ, ಯಾರು ಉಳಿದುದನ್ನು ಉಣ್ಣುತ್ತಾರೆ, ಊರಿನಿಂದ ಬಂದ ಪಾತ್ರಧಾರಿಗಳಲ್ಲಿ ಜಾತಿಯನ್ನು ನೋಡಿ ದೂರ ಕೂರಿಸಿದವರು ಇದ್ದಾರೆಯೆ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಮರೆಯಿದೆಯೆ, ಇವುಗಳನ್ನು ನೋಡಿದರೆ ತೆರೆಯ ಮೇಲಿನ ಮಾನವೀಯತೆಯಲ್ಲಿ ಎಷ್ಟು ಸತ್ಯವಿದೆಯೆಂಬುದು ಗೊತ್ತಾಗುತ್ತದೆ. ಮಲಯಾಳ ಚಿತ್ರರಂಗದಲ್ಲಿ ಹೆಣ್ಣುಮಕ್ಕಳ ಸ್ಥಿತಿಯನ್ನು ವಿಚಾರಿಸಿದ ಕೇರಳದ ಹೇಮಾ ಸಮಿತಿಯ ವರದಿ ೨೦೨೪ರಲ್ಲಿ ಬಹಿರಂಗವಾದ ಮೇಲೆ ಕನ್ನಡ ಚಿತ್ರರಂಗದಲ್ಲಿಯೂ ಅಂಥ ವಿಚಾರಣೆ ನಡೆಯಲೆಂದು ಇಲ್ಲಿನ ಚಿತ್ರರಂಗದವರದೇ ಆದ ‘ಫೈರ್’ ಸಂಸ್ಥೆಯವರು ಸರ್ಕಾರವನ್ನು ಒತ್ತಾಯಿಸಿದರು. ಹತ್ತು ಜನ ದುಡಿಯುವ ಕಡೆಯಲ್ಲೆಲ್ಲ ಆಂತರಿಕ ದೂರು ಸಮಿತಿ ಇರಬೇಕೆಂದು ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ೨೦೧೩ರ ಕಾನೂನು ಹೇಳುತ್ತದೆ. ಹಳ್ಳಿಯ ಹೊಲವೂ ಚಿತ್ರೀಕರಣ ನಡೆಯುವಷ್ಟು ದಿನ ಕಾರ್ಯಸ್ಥಳವೇ ಎಂಬುದನ್ನು ನಿರ್ಮಾಪಕರು ಮರೆಯಲಾಗದು. ಚಲನಚಿತ್ರದ ಕೆಲಸಗಾರರೊಡನೆ ಲಿಖಿತ ಕರಾರು ಮಾಡಿಕೊಳ್ಳಬೇಕೆಂಬ ನಿಯಮವಾದರೂ ೧೯೮೧ರ ಕೇಂದ್ರ ಕಾಯಿದೆಯಷ್ಟು ಹಳೆಯದು. ನಮ್ಮ ಹಳ್ಳಿಗಳಲ್ಲಿ ನಟಿಸಿದವರ ಪೈಕಿ ಅಂಥ ಕಾಗದವನ್ನು ಕಣ್ಣಿನಿಂದ ಕಂಡವರನ್ನು ನಾನು ಇನ್ನೂ ಭೇಟಿಯಾಗಬೇಕಾಗಿದೆ.

ರಾಜ್ಯದ ಶಾಸನಸಭೆ ೨೦೨೪ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆಂದು ಮಸೂದೆಯೊಂದನ್ನು ಅಂಗೀಕರಿಸಿ, ಟಿಕೆಟ್ಟುಗಳ ಮೇಲೆ ಶೇಕಡಾ ೧ರಿಂದ ೨ರವರೆಗೆ ಉಪಕರ ವಿಧಿಸಲು ಎಡೆಮಾಡಿಕೊಟ್ಟಿತು. ಒಳ್ಳೆಯ ಸಂಕಲ್ಪ. ಆದರೆ ಅದರ ಫಲಾನುಭವಿಗಳ ಪಟ್ಟಿಯಲ್ಲಿ ಬೆಂಗಳೂರಿನ ಸಂಘಗಳ ಸದಸ್ಯರ ಹೆಸರುಗಳು ಮಾತ್ರ ತುಂಬಿಕೊಂಡು, ಮಾನ್ವಿಯ ಪೇಟಿ ಮಾಸ್ತರರೂ, ದೇವದುರ್ಗದ ಬಯಲಾಟದ ಕಲಾವಿದರೂ, ಎರಡು ಚಿತ್ರಗಳಲ್ಲಿ ದುಡಿದು ಮತ್ತೆ ಗಾರೆಕೆಲಸಕ್ಕೆ ಮರಳಿದ ಹುಡುಗನೂ ಹೊರಗುಳಿದರೆ, ರಾಯಚೂರಿನ ಚಿತ್ರಮಂದಿರದಲ್ಲಿ ಟಿಕೆಟ್ ಕೊಂಡ ಪ್ರೇಕ್ಷಕನು ಕೊಟ್ಟ ಹಣ ಅವನ ನೆರೆಯವನಿಗೆ ತಲುಪದೆ ಹೋಗುತ್ತದೆ. ಪಟ್ಟಿಯನ್ನು ತಾಲೂಕು ಮಟ್ಟದಿಂದ ಸಿದ್ಧಪಡಿಸಬೇಕು, ನೋಂದಣಿಗೆ ಇಲ್ಲಿಯೇ ವ್ಯವಸ್ಥೆಯಾಗಬೇಕು.

ಇನ್ನು ವಿದ್ಯೆಯ ಮಾತು. ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ರಾಯಚೂರಿನಲ್ಲಿದೆ. ‘ಸಮುದಾಯ’ದಂಥ ತಂಡಗಳು ಇಲ್ಲಿ ದಶಕಗಳಿಂದ ನಾಟಕ ಮಾಡುತ್ತ ಬಂದಿವೆ. ಆ ರಂಗಮಂದಿರದಲ್ಲಿ ಕಾರ್ಯಕ್ರಮಗಳಿಲ್ಲದ ದಿನಗಳಂದು, ನಟನೆಯನ್ನು ಬಿಟ್ಟು ತೆರೆಯ ಹಿಂದಿನ ಕಸುಬುಗಳನ್ನಷ್ಟೇ ಕಲಿಸುವ ಶಿಬಿರವೊಂದನ್ನು ಸಂಬಂಧಪಟ್ಟ ಇಲಾಖೆಗಳೂ ಚಲನಚಿತ್ರ ಅಕಾಡೆಮಿಯೂ ಕೂಡಿ ಏರ್ಪಡಿಸಬಾರದೇಕೆ? ದೀಪ ಹಿಡಿಯುವುದು, ಶಬ್ದ ಹಿಡಿಯುವುದು, ಫೋಕಸ್ ನೋಡಿಕೊಳ್ಳುವುದು, ಕಂಟಿನ್ಯುಯಿಟಿ ಬರೆದಿಡುವುದು, ವೇಳಾಪಟ್ಟಿ ಹಾಕುವುದು, ಇವುಗಳಿಗೆ ಬೇಕಾದುದು ಪಳಗಿದ ಗುರುಗಳು, ಬಾಡಿಗೆಯ ಉಪಕರಣಗಳು ಮತ್ತು ಕೆಲವು ತಿಂಗಳ ತಾಳ್ಮೆ. ಶಿಬಿರವನ್ನು ಮಳೆಗಾಲದಲ್ಲಿ ಇಡಬೇಕು. ಗುಳೆ ಹೋದ ಹುಡುಗರು ಬಿತ್ತನೆಗೆ ಊರಿಗೆ ಬರುವ ಕಾಲವದು, ಚಳಿಗಾಲದಲ್ಲಿ ಇಟ್ಟರೆ ಅರ್ಜಿ ಹಾಕಬೇಕಾದವರೇ ಬೆಂಗಳೂರಿನ ಕಟ್ಟಡಗಳ ಮೇಲಿರುತ್ತಾರೆ. ಕಲಿತವರ ಹೆಸರು, ಕಸುಬು, ದೂರವಾಣಿಗಳ ಪಟ್ಟಿಯೊಂದನ್ನು ಜಿಲ್ಲಾ ವಾರ್ತಾ ಕಚೇರಿಯಲ್ಲಿ ಇಟ್ಟು, ಜಿಲ್ಲೆಯಲ್ಲಿ ಚಿತ್ರೀಕರಣಕ್ಕೆ ಅನುಮತಿ ಕೇಳಿ ಬರುವ ಪ್ರತಿಯೊಂದು ಯೂನಿಟ್ಟಿನ ಕೈಗೂ ಅನುಮತಿ ಪತ್ರದ ಜೊತೆಗೇ ಅದನ್ನು ಕೊಡಬೇಕು. ಅದರಿಂದ ಎಷ್ಟು ಜನರನ್ನು ತೆಗೆದುಕೊಂಡರು, ಅವರ ಹೆಸರುಗಳನ್ನು ಚಿತ್ರದ ಫಲಕದಲ್ಲಿ ಹಾಕಿದರೆ ಇಲ್ಲವೆ ಎಂಬುದನ್ನು ಚಿತ್ರ ತೆರೆಕಂಡ ಮೇಲೆ ಅದೇ ಕಚೇರಿ ಕೇಳಿ ಬರೆದಿಟ್ಟುಕೊಳ್ಳಬೇಕು. ಮುಂದಿನ ಸಲ ಅದೇ ನಿರ್ಮಾಪಕರು ಕೋಟೆಯ ಬಾಗಿಲಲ್ಲಿಯೋ ಕೃಷ್ಣೆಯ ದಡದಲ್ಲಿಯೋ ಕ್ಯಾಮೆರಾ ನಿಲ್ಲಿಸಲು ಅನುಮತಿ ಕೇಳಿದಾಗ ಮೊದಲು ಆ ಪುಸ್ತಕವನ್ನು ತೆರೆದು ನೋಡಲಿ.